ಹನ್ನೆರಡನೆಯ ಸಾಲು

"ಇದಕ್ಕೆ ಏನೋ ಬಡಿದಿದೆ!" ಎಂದು ಹೆಡ್ ನರ್ಸ್ ಕಂಪ್ಯೂಟರಿನ ನೆತ್ತಿಗೆ ಒಂದು ಏಟು ಕೊಟ್ಟರು. ಗಂಟೆ ಮೂರೂಕಾಲು. ನಾಲ್ಕಕ್ಕೆ ಆಡಳಿತಾಧಿಕಾರಿ ಬಂದು ಇವರು ಬರೆದ ಪ್ರೋಗ್ರಾಮ್ ನೋಡುವವರಿದ್ದರು. ಅದು ಹಾಕಿದ ಡ್ಯೂಟಿ ಇವರೇ ಕೈಯಲ್ಲಿ ಬರೆದ ಹಳೆಯ ಪಟ್ಟಿಗೆ ತಾಳೆಯಾದರೆ ವಾರ್ಡಿನ ಡ್ಯೂಟಿ ಹಾಕುವ ಕೆಲಸ ಇವರ ಕೈಯಲ್ಲೇ ಉಳಿಯುತ್ತಿತ್ತು. ಇಲ್ಲದಿದ್ದರೆ ಹೊರಗಿನ ಕಂಪನಿಯ ಪಾಲು.

"ಹೊರಗಿನವರಿಗೆ ನಮ್ಮ ಕಷ್ಟಸುಖ ಏನು ಗೊತ್ತು? ನಾನೇ ಬರೀತೀನಿ" ಎಂದು ಮೂರು ತಿಂಗಳ ಹಿಂದೆ ಮೀಟಿಂಗಿನಲ್ಲಿ ಅಂದುಬಿಟ್ಟಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ ಆಡಿದ ಮಾತು, ನುಂಗುವುದು ಹೇಗೆ? ಪ್ರೋಗ್ರಾಮಿಂಗ್ ಕಲಿಯುವ ಹೊಸಬರಿಗೆಂದು ಬರೆದ ಪಠ್ಯಪುಸ್ತಕವೊಂದನ್ನು ತಂದು, ಯಾರೂ ನಗದಿರಲೆಂದು ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿ, ಊಟದ ಬಿಡುವಿನಲ್ಲೆಲ್ಲ ಓದಿದರು. 'ಹೀಗಿದ್ದರೆ ಹೀಗೆ ಮಾಡು' ಎಂಬ ಷರತ್ತುಗಳ ಪಾಠದಲ್ಲಿ ಎರಡು ವಾರ ಸಿಕ್ಕಿಕೊಂಡು ಒದ್ದಾಡಿದರು. ಆದರೂ ಪುಸ್ತಕದ ಒಂದು ಅಭ್ಯಾಸವನ್ನೂ ಮಾಡದೆ ಬಿಡಲಿಲ್ಲ.

ಈಗ ನೋಡಿದರೆ, ಭಾನುವಾರದ ರಜೆಯ ವಿಷಯದಲ್ಲಿ ಹನ್ನೆರಡು ನರ್ಸುಗಳ ಪೈಕಿ ಹನ್ನೊಂದು ಜನರ ಸಾಲು ಕೈಬರಹದ ಪಟ್ಟಿಗೆ ಸರಿಹೋಗುತ್ತಿತ್ತು. ಹನ್ನೆರಡನೆಯದು ಮಾತ್ರ ಇಲ್ಲ. ಅಳಿಸಿ ಬರೆದರು, ನೀರು ಕುಡಿದರು, ಕಿಟಕಿಯ ತನಕ ಹೋಗಿ ಬಂದರು, ಮತ್ತೆ ಗಡಿಯಾರ ನೋಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಕೀಬೋರ್ಡನ್ನೂ ಬೈದರು, ಪುಸ್ತಕವನ್ನೂ ಬೈದರು.

ಅಷ್ಟರಲ್ಲಿ ಔಷಧಿಯ ಟ್ರೇ ಹಿಡಿದು ನಾದಿನಿ ಒಳಬಂದಳು. ಗಂಡನ ತಂಗಿ, ಆರು ವರ್ಷದಿಂದ ಇದೇ ವಾರ್ಡಿನಲ್ಲಿ ನರ್ಸು. ಆ ಹನ್ನೆರಡನೆಯ ಸಾಲು ಅವಳದೇ.

"ಏನಾಯ್ತು ಅತ್ತಿಗೆ?"

"ನೋಡು ಬಾ. ಎಲ್ಲಾ ಸರಿ ಬರ್ತಿದೆ, ನಿನ್ನ ಹತ್ರ ಬಂದಾಗ ಮಾತ್ರ ಎಡವಟ್ಟು. ನಿಂಗೆ ಭಾನುವಾರ ರಜೆ ಕೊಡ್ತಿದೆ!"

"ನೀವು ಏನಂತ ಬರೆದಿದ್ದೀರಿ?"

"ಪ್ರತಿಯೊಬ್ಬರಿಗೂ ತಿಂಗಳಿಗೊಂದು ಭಾನುವಾರ ಅಂತ."

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಅದು ಸರಿಯಾಗೇ ಮಾಡಿದೆ" ಎಂದಳು ನಾದಿನಿ. "ನೀವು ನಂಗೆ ಕೊಡೋದು ಬರೀ ಬುಧವಾರ. ಅವತ್ತು ಮಗಳು ಸ್ಕೂಲಿಗೆ ಹೋಗಿರ್ತಾಳೆ."

ಹೆಡ್ ನರ್ಸಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ಸ್ವಂತದವಳಿಗೆ ಭಾನುವಾರ ಕೊಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆಂದು, ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳನ್ನು ಬಿಟ್ಟಿದ್ದರು. ಆಮೇಲೆ ಕೈಗೆ ಅದೇ ರೂಢಿಯಾಗಿತ್ತು.

"ಈಗ ಏನು ಮಾಡ್ಲೇ? ಹಳೇ ಪಟ್ಟಿಗೆ ತಾಳೆ ಆಗ್ಲೇಬೇಕು ಅಂದಿದ್ದಾರೆ. ಇನ್ನು ಹತ್ತೇ ನಿಮಿಷ."

"ಒಂದು ಷರತ್ತು ಹಾಕಿ. ನನ್ನ ಹೆಸರು ಬಂದ್ರೆ ಭಾನುವಾರ ಬೇಡ ಅಂತ."

ಅವರು ಹಾಗೇ ಬರೆದರು. ವಿಚಿತ್ರವಾದ ಷರತ್ತು ಹಾಕಿದಾಗ, ಮುಂದೆ ಓದುವವರಿಗೆ ತಿಳಿಯಲು ಪಕ್ಕದಲ್ಲೇ ಕಾರಣ ಬರೆಯಬೇಕೆಂದು ಪುಸ್ತಕ ಕಟ್ಟುನಿಟ್ಟಾಗಿ ಹೇಳಿತ್ತು. 'ಕಾರಣ' ಎಂದು ಬರೆದು ಅವರ ಬೆರಳು ನಿಂತುಬಿಟ್ಟಿತು. ನಾದಿನಿ ಟ್ರೇ ಕೆಳಗಿಟ್ಟು, ಬಗ್ಗಿ, ತಾನೇ ಬರೆದಳು: 'ಇವಳು ನಮ್ಮವಳು.' ಟ್ರೇ ಎತ್ತಿಕೊಂಡು ವಾರ್ಡಿಗೆ ಹೊರಟುಹೋದಳು.

ನಾಲ್ಕಕ್ಕೆ ಸರಿಯಾಗಿ ಆಡಳಿತಾಧಿಕಾರಿ ಬಂದರು. ಹನ್ನೆರಡೂ ಸಾಲು ತಾಳೆ ನೋಡಿ ತಲೆದೂಗಿದರು. ಹೋಗುವ ಮುನ್ನ, ಒಳಗೆ ಏನು ಬರೆದಿದ್ದೀರಿ ನೋಡೋಣ ಎಂದು ಕನ್ನಡಕ ಏರಿಸಿದರು. ಅವರ ಬೆರಳು ಮೇಲಿನಿಂದ ಇಳಿಯುತ್ತ ಬಂದು ಒಂದು ಕಡೆ ನಿಂತಿತು.

"ಇದೇನ್ರೀ ಇದು? ನಮ್ಮವಳು ಅಂದ್ರೆ ಭಾನುವಾರ ಕೊಡಬಾರದಾ? ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ ಸಾರ್" ಎಂದರು ಹೆಡ್ ನರ್ಸ್, ಆ ಷರತ್ತಿನ ಸಾಲನ್ನು ಅಳಿಸುತ್ತ. "ಆರು ವರ್ಷ ಅವಳೂ ಏನೂ ಹೇಳ್ಲಿಲ್ಲ."