ಕೇಳದೆ ತಂದ ಜೋಗುಳ

ಅನುಮತಿ ಕೇಳದೆ ಯಾರದಾದರೂ ಬರಹವನ್ನು ತಮ್ಮ ಜಾಲತಾಣಕ್ಕೆ ನಕಲು ಮಾಡಿಕೊಂಡರೆ, ಬರೆದವರ ನೆನಪಿನಿಂದ ಆ ಬರಹದಲ್ಲಿದ್ದ ಸಂಗತಿಯೇ ಅಳಿಸಿಹೋಗುತ್ತಿತ್ತು. ಇದು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಹವ್ಯಾಸಕ್ಕೆಂದು ತನ್ನ ತಾಣದಲ್ಲಿ ಜೋಗುಳಗಳನ್ನು ಕೂಡಿಡುತ್ತಿದ್ದ ಶಿವಲೀಲಾಗೂ ಗೊತ್ತಿತ್ತು. ಆದರೂ ಇಳಕಲ್ಲಿನ ನೀಲಗಂಗವ್ವ ತಮ್ಮ ತಾಯಿಯ ಜೋಗುಳದ ಬಗ್ಗೆ ಬರೆದಿದ್ದ ಪುಟವನ್ನು, ಅವರ ಒಪ್ಪಿಗೆಗೆ ಕಾಯುವ ತಾಳ್ಮೆಯಿಲ್ಲದೆ ನಕಲು ಮಾಡಿಬಿಟ್ಟಳು.

ಆಮೇಲೆ ಎಂಟು ದಿನ ಊಟ ಸೇರಲಿಲ್ಲ. ತನ್ನ ತಾಣದಿಂದ ಅದನ್ನು ತೆಗೆದುಹಾಕಿದಳು. ತೆಗೆದರೂ ನೆನಪು ಮರಳುವುದಿಲ್ಲವೆಂದು ತಿಳಿದಿತ್ತು. ಕೊನೆಗೆ ಇಳಕಲ್ಲಿಗೇ ಹೋದಳು.

"ತಪ್ಪಾತ್ರೀ ಅವ್ವಾರ. ನಿಮ್ಮನ್ನ ಕೇಳಲಾರದ ತಗೊಂಡೆ."

"ಏನ್ ತಗೊಂಡಿ ಅಂತ ನನಗ ನೆನಪಿದ್ರಲ್ಲವಾ ಸಿಟ್ಟಾಗೂದು? ಓದು, ಕೇಳೂಣು."

ಶಿವಲೀಲಾ ತಂದಿದ್ದ ಹಾಳೆಯನ್ನು ಓದಿದಳು. ಜ್ವರದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮಗ್ಗದ ಮುಂದೆ ಕೂತು ಹಾಡಿದ ತಾಯಿಯ ಕತೆ ಅದು. ಕೊನೆಯಲ್ಲಿ ಜೋಗುಳದ ನಾಲ್ಕು ಸಾಲುಗಳಿದ್ದವು.

"ನಮ್ಮವ್ವ ನನಗ ಇಷ್ಟು ಛಲೋ ಪದಾ ಹಾಡಿದ್ಲೇನು!" ನೀಲಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಆಸೆಯಿಂದ ಮುಂದಕ್ಕೆ ಸರಿದು ಕೂತರು. "ಧಾಟಿ ಹೆಂಗಿತ್ತವಾ? ಒಂದೀಟು ಹಾಡಿ ತೋರಸು."

ಶಿವಲೀಲಾ ತಲೆ ತಗ್ಗಿಸಿದಳು. ಹಾಳೆಯಲ್ಲಿ ಪದಗಳಷ್ಟೇ ಇದ್ದವು. ಧಾಟಿ ಗೊತ್ತಿದ್ದದ್ದು ನೀಲಗಂಗವ್ವನಿಗೆ ಮಾತ್ರ.