ಆರು ಗಂಟೆಯ ಮೊರಾಗ್

ಅಬರ್ಡೀನ್‌ನ ನಮ್ಮ ಮನೆಗೆ ಬಂದಾಗಿನಿಂದ ಅತ್ತೆಗೆ ಸಂಜೆ ಆರರ ಟೀವಿ ವಾರ್ತೆ ತಪ್ಪುವಂತಿರಲಿಲ್ಲ. ಇಂಗ್ಲಿಷ್ ಅವರಿಗೆ ಒಂದಕ್ಷರ ಬಾರದು. ಎರಡು ಬೀದಿ ಆಚೆಗಿನ ಸ್ಟುಡಿಯೋದಲ್ಲಿ ಕೂತು ವಾರ್ತೆ ಓದುವ ಮೊರಾಗ್ ನಗುತ್ತಾ "ಗುಡ್ ಈವ್ನಿಂಗ್" ಎಂದರೆ, ಅತ್ತೆ ಸೋಫಾದಿಂದಲೇ "ಬಾಮ್ಮ" ಎನ್ನುತ್ತಿದ್ದರು.

ಆ ವರ್ಷ ವಾಹಿನಿಯವರು ಊರೂರಿನ ವಾರ್ತೆಗಳನ್ನು ನಿಲ್ಲಿಸಿ, ಇಡೀ ಸ್ಕಾಟ್ಲೆಂಡಿಗೆ ಒಂದೇ ವಾರ್ತೆ ಮಾಡಿದರು.

"ಮೊರಾಗ್‌ದು ಇವತ್ತೇ ಕೊನೆ, ಅತ್ತೆ. ನಾಳೆಯಿಂದ ಗ್ಲಾಸ್ಗೋದಿಂದ ಬೇರೆ ಯಾರೋ ಓದ್ತಾರೆ," ಎಂದೆ ಬೆಳಿಗ್ಗೆ.

"ದಿನಾ ಮನೆಗೆ ಬರ್ತಿದ್ದ ಹೆಣ್ಮಗಳು. ಹಾಗೇ ಕಳಿಸೋಕಾಗತ್ತೇನೆ?"

"ಅವಳು ಬರ್ತಿದ್ದಿದ್ದು ಟೀವಿಗೆ, ಮನೆಗಲ್ಲ. ನೀವು ಯಾರು ಅಂತಲೇ ಅವಳಿಗೆ ಗೊತ್ತಿಲ್ಲ."

ಮಧ್ಯಾಹ್ನ ಅತ್ತೆ ಒಬ್ಬರೇ ವಾಕಿಂಗ್ ಹೋಗಿ ಬಂದರು.

ಸಂಜೆ ದೀಪ ಹಚ್ಚಲು ಹೋದರೆ ದೇವರ ಮುಂದೆ ಕುಂಕುಮದ ಭರಣಿ ಇರಲಿಲ್ಲ.

"ಅತ್ತೆ, ಭರಣಿ ಎಲ್ಲಿ?"

"ನನ್ನ ಕೈಚೀಲದಲ್ಲಿದೆ, ಆಮೇಲೆ ತಗೊಳ್ಳುವೆಯಂತೆ. ಮೊದಲು ಟೀವಿ ಹಾಕು, ಆರಾಯ್ತು."

ಹಾಕಿದೆ. ಮೊರಾಗ್ ಎಂದಿನಂತೆ ನಕ್ಕು "ಗುಡ್ ಈವ್ನಿಂಗ್" ಎಂದಳು. ಅವಳ ಹಣೆಯಲ್ಲಿ ಕಾಸಗಲ ಕುಂಕುಮವಿತ್ತು.