ಚೆಕ್ಕು ಕಾರವಾರಕ್ಕೆ ಹೋದ ದಿನ

ಒದ್ದೆ ಲಾವಂಚದ ವಾಸನೆ ಬಂದರೆ ನನಗೆ ಈಗಲೂ ಕೈ ನೋಯುತ್ತದೆ.

ನನಗಾಗ ಒಂಬತ್ತು ವರ್ಷ. ಕಾರವಾರದ ಬಂದರಿನಲ್ಲಿ ಗುಮಾಸ್ತನಾಗಿದ್ದ ಅಪ್ಪ ಕಾಯಿಲೆ ಬಿದ್ದು ಅಂಕೋಲೆಯ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಂದು ಬೆಳಿಗ್ಗೆ ಆಯಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ನಾನು ಶಾಯಿಯ ದೌತಿ ಹಿಡಿದೆ. ಕಾರವಾರದ ಬ್ಯಾಂಕಿನಲ್ಲಿದ್ದುದನ್ನೆಲ್ಲ ತೆಗೆಯಲು ಅಪ್ಪ ಚೆಕ್ಕು ಬರೆದ. ಮೊತ್ತವನ್ನು ಅಕ್ಷರದಲ್ಲಿ ಬರೆದು, ಉಳಿದ ಜಾಗಕ್ಕೆ ಉದ್ದ ಗೆರೆ ಎಳೆದ.

"ಜಾಗ ಬಿಟ್ರೆ ಮತ್ಯಾರೋ ತುಂಬ್ತಾರೆ, ತಂಗೀ," ಎಂದು ನನಗೆ ಹೇಳಿದ.

ಸಹಿ ಸೊಟ್ಟಾದರೆ ಬ್ಯಾಂಕಿನವರು ಹಿಂದೆ ಕಳಿಸುತ್ತಿದ್ದರು. ಅದಕ್ಕೇ ಬಹಳ ಹೊತ್ತು ಬೆರಳು ಉಜ್ಜಿಕೊಂಡು ಸಹಿ ಮಾಡಿದ. ಚೆಕ್ಕನ್ನು ಆಯಿಯ ತಮ್ಮನಿಗೆ, ನನ್ನ ಸೋದರಮಾವನಿಗೆ, ಕೊಟ್ಟು, "ಇವತ್ತೇ ಹೋಗು. ನಾ ಸತ್ತಮೇಲೆ ಇದಕ್ಕೆ ಅವರು ದುಡ್ಡು ಕೊಡೂದಿಲ್ಲ," ಎಂದ.

ಮಾವ ಮೋಟಾರು ಹತ್ತಿ ಹೋದ. ಅವನಿನ್ನೂ ದಾರಿಯಲ್ಲಿರುವಾಗಲೇ ಅಪ್ಪನ ಉಸಿರು ನಿಂತಿತು.

ನಾನು ಕಿರುಚುವಷ್ಟರಲ್ಲಿ ಆಯಿ ನನ್ನ ಬಾಯಿ ಮುಚ್ಚಿದಳು. "ಅಳಬೇಡ. ಅತ್ತರೆ ಕೇರಿಗೆ ಗೊತ್ತಾಗ್ತದೆ. ಮುಂದಿನ ಮೋಟಾರಿಗೇ ಸುದ್ದಿ ಕಾರವಾರ ಮುಟ್ತದೆ." ಅಪ್ಪನ ಕಣ್ಣು ಮುಚ್ಚಿ, ಎದೆಯವರೆಗೆ ಹೊದಿಸಿ, ಲಾವಂಚದ ಬೀಸಣಿಗೆಯನ್ನು ನೀರಲ್ಲದ್ದಿ ನನ್ನ ಕೈಗೆ ಕೊಟ್ಟಳು.

ಪಕ್ಕದ ಮನೆಯ ಅಜ್ಜಿ ಜಗಲಿಯಿಂದ ಇಣುಕಿದಳು. "ಹ್ಯಾಂಗದೆ ಇವತ್ತು?"

"ಈಗಷ್ಟೇ ನಿದ್ದೆ ಬಂತು," ಎಂದಳು ಆಯಿ, ಅವನ ಗಂಜಿಗೆ ಅಕ್ಕಿ ತೊಳೆಯುತ್ತ.

ಸಂಜೆ ಮಾವ ಬೇಲಿಯ ದಣಪೆ ದಾಟಿ ಬಂದು ಹಣದ ಗಂಟು ಕೊಟ್ಟ. ಆಯಿ ಅದನ್ನು ಅಕ್ಕಿ ಮಡಕೆಯೊಳಗಿಟ್ಟು ಮುಚ್ಚಿದಳು. ಆಮೇಲೆ ಅಂಗಳಕ್ಕೆ ಹೋಗಿ, ಕೇರಿಯೆಲ್ಲ ಕೇಳುವಂತೆ ಅತ್ತಳು.

ನಾನು ಇನ್ನೂ ಗಾಳಿ ಹಾಕುತ್ತಲೇ ಇದ್ದೆ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.